ಸ್ಟಾರ್ಟರ್ ಕಾಯಿಲ್ ಸುಟ್ಟಾಗ ನೆನಪಾಗಬೇಕಾದ ಮನುಷ್ಯ: ಜಾನ್ ಹಾಪ್ಕಿನ್ಸನ್

ಹುಬ್ಬಳ್ಳಿ: ಹಿಟ್ಟಿನ ಗಿರಣಿ, ಖಾರದಪುಡಿ ಗಿರಣಿ ಇಟ್ಟವರಿಗೆ ಈ ಸದ್ದು ಗೊತ್ತೇ ಇರ್ತದೆ. ಸ್ಟಾರ್ಟರ್ ಡಬ್ಬಿಯೊಳಗಿನ ಕಾಂಟ್ಯಾಕ್ಟರ್ ಗುಂಯ್ ಅಂತ ಶುರು ಮಾಡ್ತದೆ, ಎರಡು ದಿನದಾಗ ಕಾಯಿಲ್ ಸುಟ್ಟ ವಾಸನೆ. ವೈಂಡಿಂಗ್ ಅಂಗಡಿಗೆ ಒಯ್ದು ಹೊಸ ಕಾಯಿಲ್ ಹಾಕಿಸಿದ್ರೂ ವಾರದೊಳಗೆ ಅದೂ ಹೋಗ್ತದೆ. ತಪ್ಪು ಬಹಳ ಸಲ ಕಾಯಿಲ್‌ದಲ್ಲ, ಕಬ್ಬಿಣದ ಎರಡು ಮುಖಗಳ ನಡುವೆ ಕೂತ ಹಿಟ್ಟಿನದು. ಕೂದಲಿನಷ್ಟು ಸಂದಿಗೆ ಇಷ್ಟೊಂದು ಕರೆಂಟ್ ಯಾಕೆ ಬೇಕು ಅನ್ನೋದನ್ನ ಯಂತ್ರ ಕಟ್ಟೋರಿಗೆ ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲ ಸಾಲಿನವರು ಜಾನ್ ಹಾಪ್ಕಿನ್ಸನ್.

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1849ರ ಜುಲೈ 27ರಂದು ಹುಟ್ಟಿದವರು. ತಂದೆ ಯಂತ್ರಗಳ ಎಂಜಿನಿಯರ್, ಮುಂದೆ ಆ ಊರಿನ ಮೇಯರ್ ಕೂಡ ಆದವರು. ಐವರು ಗಂಡುಮಕ್ಕಳಲ್ಲಿ ಜಾನ್ ಹಿರಿಯ. ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ 1871ರಲ್ಲಿ ಮೊದಲ ಸ್ಥಾನ. ಅಂಥವರು ಸಾಮಾನ್ಯವಾಗಿ ಕಾಲೇಜಿನಲ್ಲೇ ಉಳಿದು ಮಾಸ್ತರ್ ಆಗ್ತಾರೆ. ಇವರು ಹೋಗಿದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಗಾಜಿನ ಕಾರ್ಖಾನೆಗೆ, ದೀಪಸ್ತಂಭದ ಗಾಜು ಮಾಡೋ ವಿಭಾಗಕ್ಕೆ. ದೀಪ ಎರಡು-ಮೂರು ಸಲ ಮಿನುಗಿ ಸ್ವಲ್ಪ ಬಿಟ್ಟು ಮತ್ತೆ ಮಿನುಗುವ ಏರ್ಪಾಡು ಮಾಡಿದ್ದು ಅಲ್ಲೇ. ಇದು ಯಾವ ಊರಿನ ದೀಪ ಅಂತ ಹಡಗಿನವರಿಗೆ ದೂರದಿಂದಲೇ ತಿಳಿಯೋ ಹಂಗಾಯ್ತು.

1878ರಲ್ಲಿ ಲಂಡನ್‌ಗೆ ಬಂದು ಸ್ವಂತವಾಗಿ ಸಲಹೆ ಕೊಡೋ ಎಂಜಿನಿಯರ್ ಆದರು. ಆಗ ಡೈನಮೊ ಹೊಸ ಮಾಲು. ಕಬ್ಬಿಣ ಎಷ್ಟು ದಪ್ಪ ಇರಬೇಕು, ತಂತಿ ಎಷ್ಟು ಸುತ್ತಬೇಕು ಅನ್ನೋದು ಬಹುಪಾಲು ಅಂದಾಜಿನ ಕೆಲಸ. ಎಡಿಸನ್ ಅವರ ಡೈನಮೊದಲ್ಲಿ ಉದ್ದುದ್ದ ತೆಳ್ಳಗಿನ ಅಯಸ್ಕಾಂತದ ಕಾಲುಗಳಿದ್ದವು. ಹಾಪ್ಕಿನ್ಸನ್ ಅವನ್ನ ಗಿಡ್ಡ ಮಾಡಿ ದಪ್ಪ ಮಾಡಿದರು. ಹೆಚ್ಚುಕಡಿಮೆ ಅಷ್ಟೇ ತೂಕದ ಯಂತ್ರ ಸುಮಾರು ಎರಡು ಪಟ್ಟು ಕೆಲಸ ಕೊಡ್ತು.

ತಮ್ಮ ಎಡ್ವರ್ಡ್ ಜೊತೆ ಸೇರಿ 1886ರಲ್ಲಿ ಅದರ ಲೆಕ್ಕವನ್ನ ಪೂರ್ತಿ ಬರೆದು ರಾಯಲ್ ಸೊಸೈಟಿಗೆ ಕೊಟ್ಟರು. ವಿಚಾರ ನಮ್ಮ ನೀರಿನ ಪೈಪಿನಷ್ಟೇ ಸರಳ. ಫ್ಲಕ್ಸ್ ಒಂದು ಸುತ್ತು ಹಾಕಿ ಬರೋ ದಾರಿಯನ್ನ ತುಂಡು ತುಂಡು ಮಾಡ್ರಿ: ಇಷ್ಟು ಕಬ್ಬಿಣ, ಇಷ್ಟು ಗಾಳಿ ಸಂದಿ. ಪ್ರತಿ ತುಂಡಿಗೂ ಎಷ್ಟು ಆಂಪಿಯರ್-ಸುತ್ತು ಬೇಕೋ ಲೆಕ್ಕ ಹಾಕಿ ಕೂಡಿಸ್ರಿ. ಬಂದದ್ದನ್ನ ಕಾಯಿಲ್‌ನ ಸುತ್ತುಗಳಿಂದ ಭಾಗಿಸಿದ್ರೆ ಕರೆಂಟ್ ಸಿಕ್ಕಿತು.

ಒಂದು ಉದಾಹರಣೆ ನಾನೇ ಮಾಡಿ ನೋಡಿದೆ (ಕಾಲೇಜು ಅರ್ಧಕ್ಕೆ ಬಿಟ್ಟವನ ಲೆಕ್ಕ, ಎರಡು ಸಲ ತಾಳೆ ನೋಡೇನಿ). ಕಬ್ಬಿಣದ ದಾರಿ 40 ಸೆಂಟಿಮೀಟರ್, ಅಡ್ಡಳತೆಯ ವಿಸ್ತೀರ್ಣ 10 ಚದರ ಸೆಂಟಿಮೀಟರ್, ಬೇಕಾದ ಫ್ಲಕ್ಸ್ 0.001 ವೆಬರ್. ಅಂದ್ರೆ 1 ಟೆಸ್ಲಾ. ಆ ಮಟ್ಟಕ್ಕೆ ಕಬ್ಬಿಣ ಮೀಟರಿಗೆ 200 ಆಂಪಿಯರ್-ಸುತ್ತು ಕೇಳ್ತದೆ ಅಂತ ಇಟ್ಕೊಳ್ರಿ, 40 ಸೆಂಟಿಮೀಟರಿಗೆ 80 ಸಾಕು. ಆದ್ರೆ ಬರೇ 1 ಮಿಲಿಮೀಟರ್ ಗಾಳಿ ಸಂದಿ ಕೇಳೋದು ಸುಮಾರು 796! ಒಟ್ಟು 876. ಕಾಯಿಲ್ 500 ಸುತ್ತಿನದಾದ್ರೆ 1.75 ಆಂಪಿಯರ್. ಸಂದಿ 2 ಮಿಲಿಮೀಟರ್ ಆದ್ರೆ 3.34 ಆಂಪಿಯರ್, ಹತ್ತಿರ ಹತ್ತಿರ ದುಪ್ಪಟ್ಟು. ಕಾವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರೋದರಿಂದ ಅದು ಮೂರೂವರೆ ಪಟ್ಟು ದಾಟ್ತದೆ.

ಗಿರಣಿಯ ಕಾಂಟ್ಯಾಕ್ಟರ್‌ಗೆ ಬರೋದು ಎಸಿ ಕರೆಂಟ್. ಅಲ್ಲಿ ಫ್ಲಕ್ಸ್ ಎಷ್ಟಿರಬೇಕು ಅಂತ ವೋಲ್ಟೇಜೇ ತೀರ್ಮಾನ ಮಾಡಿರ್ತದೆ. ಸಂದಿ ದೊಡ್ಡದಾದ್ರೆ ಕಾಯಿಲ್ ಹೆಚ್ಚು ಕರೆಂಟ್ ಎಳೆದು ಆ ಫ್ಲಕ್ಸ್ ಪೂರೈಸ್ತದೆ, ತಾನು ಸುಡ್ತದೆ. ಅದಕ್ಕ ಕಾಯಿಲ್ ಬದಲಿಸೋ ಮೊದಲು ಮೇನ್ ಸ್ವಿಚ್ ಪೂರಾ ಬಂದ್ ಮಾಡಿಸಿ, ಗೊತ್ತಿದ್ದ ಮಿಸ್ತ್ರಿ ಕಡೆಯಿಂದ ಆ ಎರಡು ಮುಖ ಒಣ ಬಟ್ಟೆಯಿಂದ ಒರೆಸಿಸ್ರಿ.

ಅದೇ 1886ರ ಬರಹದಲ್ಲಿ ಇನ್ನೊಂದು ಜಾಣತನ ಇತ್ತು. ಒಂದೇ ಥರದ ಎರಡು ಯಂತ್ರ ಜೋಡಿಸಿ, ಒಂದು ಮೋಟಾರ್ ಆಗಿ ಇನ್ನೊಂದನ್ನ ತಿರುಗಿಸೋದು, ಅದು ಹುಟ್ಟಿಸಿದ ಕರೆಂಟ್ ಮತ್ತೆ ಮೋಟಾರ್‌ಗೇ. ಹೊರಗಿನಿಂದ ಕೊಡಬೇಕಾದ್ದು ನಷ್ಟದಷ್ಟು ಮಾತ್ರ. ಎಲೆಕ್ಟ್ರಿಕಲ್ ಓದೋ ಹುಡುಗರು ಇಂದಿಗೂ ಲ್ಯಾಬ್ ರೆಕಾರ್ಡ್‌ನಲ್ಲಿ ಬರೆಯೋ ಹಾಪ್ಕಿನ್ಸನ್ ಟೆಸ್ಟ್ ಇದೇ. 1882ರಲ್ಲಿ ಮೂರು ತಂತಿಯ ವಿದ್ಯುತ್ ಹಂಚಿಕೆಗೂ ಪೇಟೆಂಟ್ ಮಾಡಿಸಿದ್ದರು, ತಾಮ್ರದ ಖರ್ಚು ಭಾರಿ ಉಳೀತಿತ್ತು.

1890ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪ್ರೊಫೆಸರ್ ಆದರು. ಎಲೆಕ್ಟ್ರಿಕಲ್ ಎಂಜಿನಿಯರ್‌ಗಳ ಸಂಸ್ಥೆಗೆ ಎರಡು ಸಲ ಅಧ್ಯಕ್ಷರು.

ಲೆಕ್ಕದಷ್ಟೇ ಹುಚ್ಚು ಬೆಟ್ಟ ಹತ್ತೋದು. 1898ರ ಆಗಸ್ಟ್ 27ರಂದು ಸ್ವಿಟ್ಜರ್ಲೆಂಡಿನ ಪೆಟಿಟ್ ಡೆಂಟ್ ಡಿ ವೈಸಿವಿ ಎಂಬ ಶಿಖರಕ್ಕೆ ಮಗ ಜಾನ್, ಹೆಣ್ಣುಮಕ್ಕಳಾದ ಆಲಿಸ್ ಮತ್ತು ಲೀನಾ ಜೊತೆ ಹೊರಟರು. ನಾಲ್ವರಲ್ಲಿ ಒಬ್ಬರೂ ಜೀವಂತ ವಾಪಸ್ ಬರಲಿಲ್ಲ. ಹಾಪ್ಕಿನ್ಸನ್‌ಗೆ ಆಗ 49 ವರ್ಷ. ಹೆಂಡತಿ ಎವೆಲಿನ್ ಮತ್ತು ಉಳಿದ ಮಕ್ಕಳು ಕೇಂಬ್ರಿಡ್ಜ್‌ನ ಎಂಜಿನಿಯರಿಂಗ್ ಪ್ರಯೋಗಾಲಯಕ್ಕೆ ಅವರ ನೆನಪಿಗೆ ಒಂದು ಭಾಗ ಕಟ್ಟಿಸಿಕೊಟ್ಟರು. ವಕೀಲಿಕೆ ಹಿಡಿದಿದ್ದ ಇನ್ನೊಬ್ಬ ಮಗ ಬರ್ಟ್ರಮ್ ಅದನ್ನ ಬಿಟ್ಟು ಅಪ್ಪನ ಕೆಲಸಕ್ಕೆ ಕೂತರು, 1903ರಲ್ಲಿ ಅದೇ ಕೇಂಬ್ರಿಡ್ಜ್‌ನಲ್ಲಿ ಪ್ರೊಫೆಸರ್ ಆದರು.