ಸ್ವಾತಿ ಮಳೆ ಹನಿ ಮುತ್ತಾಗುತ್ತದೆಯೇ? ಮಿಕಿಮೊಟೊ ಬದುಕು ಹೇಳುವ ನಿಜ

ಮುತ್ತಿನ ಬಗ್ಗೆ ಮೂರು ಬಗೆಯ ಫಾರ್ವರ್ಡ್‌ಗಳು ಆಗಾಗ ಬರುತ್ತವೆ. ಒಂದು, ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ. ಎರಡು, ಕಲ್ಚರ್ಡ್ ಮುತ್ತು ಎಂದರೆ ನಕಲಿ. ಮೂರು, ಹೊಂಡದಲ್ಲಿ ಕಪ್ಪೆಚಿಪ್ಪು ಸಾಕಿದರೆ ವರ್ಷದೊಳಗೆ ಲಕ್ಷ ಲಕ್ಷ ಆದಾಯ. ಹೇಮಾವತಿ ದಂಡೆಯಲ್ಲೋ ತೋಟದ ಕೆರೆಯಲ್ಲೋ ಕಪ್ಪೆಚಿಪ್ಪು ಕಂಡಿರುವ ಸಕಲೇಶಪುರ, ಆಲೂರಿನವರಿಗೆ ಮೂರನೆಯದು ಹೆಚ್ಚು ಆಸೆ ಹುಟ್ಟಿಸುತ್ತದೆ. ಈ ಮೂರಕ್ಕೂ ಉತ್ತರ ಹುಡುಕಲು ನಾವು ಒಬ್ಬರ ಬದುಕನ್ನು ನೋಡೋಣ. ಅವರು ಜಪಾನಿನ ಕೊಕಿಚಿ ಮಿಕಿಮೊಟೊ.

ನೂಡಲ್ಸ್ ಅಂಗಡಿಯ ಹುಡುಗ

ಮಿಕಿಮೊಟೊ ಹುಟ್ಟಿದ್ದು 1858ರಲ್ಲಿ, ತೋಬಾ ಎಂಬ ಕಡಲೂರಿನಲ್ಲಿ. ಅಪ್ಪನದು ನೂಡಲ್ಸ್ ಅಂಗಡಿ. ಆ ಭಾಗದ ಕಡಲಲ್ಲಿ ಮುತ್ತಿನ ಸಿಂಪಿಗಳಿದ್ದವು. ಆದರೆ ಮುತ್ತಿನಾಸೆಗೆ ಜನ ಸಿಂಪಿಗಳನ್ನು ಬಾಚಿ ತೆಗೆದು, ಅವು ಕಡಿಮೆಯಾಗುತ್ತಿದ್ದವು. ಹುಡುಕುವ ಬದಲು ಸಾಕಿದರೆ ಹೇಗೆ ಎಂದು 1888ರಲ್ಲಿ ಅವರು ಸಿಂಪಿ ಕೃಷಿ ಶುರು ಮಾಡಿದರು. ಸಿಂಪಿಯೊಳಗೆ ಹೊರಗಿನ ವಸ್ತು ಇಟ್ಟು ಮುತ್ತು ಬರಿಸಲು ಸಾಧ್ಯ ಎಂಬುದನ್ನು ಪ್ರಾಣಿಶಾಸ್ತ್ರಜ್ಞ ಮಿತ್ಸುಕುರಿ ಅವರಿಂದ ತಿಳಿದರು.

1892ರಲ್ಲಿ ಕಡಲಿನ ಸೂಕ್ಷ್ಮ ಪಾಚಿ ಏಕಾಏಕಿ ಹೆಚ್ಚಿ ನೀರು ಕೆಂಪಾಯಿತು. ಸಾಕಿದ ಸಿಂಪಿಗಳಲ್ಲಿ ಬಹುಪಾಲು ಸತ್ತವು. ಇನ್ನೊಂದು ಜಾಗದಲ್ಲಿ ಇಟ್ಟಿದ್ದವು ಮಾತ್ರ ಉಳಿದವು. 1893ರ ಜುಲೈ 11ರಂದು ಅವುಗಳಲ್ಲಿ ಮುತ್ತು ಕಂಡಿತು. ಆದರೆ ಅದು ಅರ್ಧ ಗೋಲ, ಚಿಪ್ಪಿಗೆ ಅಂಟಿಕೊಂಡದ್ದು. 1896ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಕಷ್ಟದ ದಿನಗಳಲ್ಲಿ ಜೊತೆಗಿದ್ದ ಹೆಂಡತಿ ಉಮೆ ಅದೇ ವರ್ಷ ತೀರಿಕೊಂಡರು.

1905ರಲ್ಲಿ ಮತ್ತೆ ಕೆಂಪು ನೀರು ಬಂದು ಲಕ್ಷಗಟ್ಟಲೆ ಸಿಂಪಿಗಳು ಸತ್ತವು. ಸತ್ತವನ್ನು ಬಿಡಿಸಿ ನೋಡಿದಾಗ ಕೆಲವದರಲ್ಲಿ ಪೂರ್ತಿ ದುಂಡನೆಯ ಮುತ್ತು ಸಿಕ್ಕಿತು. ಆದರೆ ಮುಂದೆ ಎಲ್ಲರೂ ಬಳಸಿದ ದುಂಡು ಮುತ್ತಿನ ವಿಧಾನ ಮಿಕಿಮೊಟೊ ಒಬ್ಬರದೇ ಅಲ್ಲ. ಅದರ ಹಿಂದೆ ತತ್ಸುಹೆಯಿ ಮಿಸೆ ಮತ್ತು ಮಿಕಿಮೊಟೊ ಅವರ ಅಳಿಯ ತೋಕಿಚಿ ನಿಶಿಕಾವಾ ಇದ್ದರು.

ಹಾಗಾದರೆ ಮುತ್ತು ಆಗುವುದು ಹೇಗೆ?

ಚಿಪ್ಪಿನ ಒಳಮೈಗೆ ಒಂದು ತೆಳು ಪೊರೆ ಇರುತ್ತದೆ. ಚಿಪ್ಪನ್ನು ಕಟ್ಟುವುದೇ ಅದರ ಕೆಲಸ. ಇನ್ನೊಂದು ಸಿಂಪಿಯಿಂದ ಆ ಪೊರೆಯ ಚೂರನ್ನು ಕತ್ತರಿಸಿ, ಒಂದು ದುಂಡು ಮಣಿಯ ಜೊತೆ ಸಿಂಪಿಯ ಮೈಯೊಳಗೆ ಇಡುತ್ತಾರೆ. ಪೊರೆ ಬೆಳೆದು ಮಣಿಯನ್ನು ಸುತ್ತುವರಿದು, ಅದರ ಮೇಲೆ ಪದರ ಪದರವಾಗಿ ಸುಣ್ಣದ ಅಂಶ ಕೂಡಿಸುತ್ತದೆ. ಮಣಿಯನ್ನೂ ಹೆಚ್ಚಾಗಿ ನದಿಯ ಕಪ್ಪೆಚಿಪ್ಪನ್ನು ಕಡೆದೇ ಮಾಡುತ್ತಾರೆ. ಇದರಲ್ಲಿ ಮಳೆ ಹನಿಗೆ ಯಾವ ಪಾತ್ರವೂ ಇಲ್ಲ. ನೀರಿನಡಿ ಬದುಕುವ ಸಿಂಪಿಗೆ ಸ್ವಾತಿ ಮಳೆಯೂ ಒಂದೇ, ಆರಿದ್ರಾ ಮಳೆಯೂ ಒಂದೇ.

ಒಂದೊಂದು ಪದರ ಒಂದು ಮಿಲಿಮೀಟರಿನ ಸುಮಾರು ಎರಡು ಸಾವಿರದ ಒಂದು ಪಾಲು. ಬೆಳಕು ಈ ಪದರಗಳಲ್ಲಿ ಹಾದು ಮರಳುವಾಗ ಕಾಮನಬಿಲ್ಲಿನಂಥ ಹೊಳಪು ಕಾಣುತ್ತದೆ. ಪದರಗಳು ದಪ್ಪವಾಗಿ, ಒಂದೇ ಸಮನಾಗಿ ಕೂತಷ್ಟೂ ಹೊಳಪು ಹೆಚ್ಚು. ಬಿಳಿ, ಕೆನೆ, ಗುಲಾಬಿ, ಕಪ್ಪು ಬಣ್ಣಗಳು ಸಿಂಪಿಯ ಜಾತಿ, ಪೊರೆ ಕೊಟ್ಟ ಸಿಂಪಿ, ನೀರು ಇವುಗಳ ಮೇಲೆ ನಿಂತಿವೆ. ಬಣ್ಣ ಹಾಕಿದ ಮುತ್ತೂ ಮಾರುಕಟ್ಟೆಯಲ್ಲಿದೆ. ಕೊಳ್ಳುವಾಗ ಕೇಳಿ.

ಕಲ್ಚರ್ಡ್ ಎಂದರೆ ನಕಲಿಯೇ?

ಅಲ್ಲ. 1920ರ ದಶಕದ ಆರಂಭದಲ್ಲಿ ಲಂಡನ್, ಪ್ಯಾರಿಸ್ ವ್ಯಾಪಾರಿಗಳೂ ಮಿಕಿಮೊಟೊ ಮುತ್ತನ್ನು ನಕಲಿ ಎಂದು ಕೂಗೆಬ್ಬಿಸಿದ್ದರು. 1924ರಲ್ಲಿ ಪ್ಯಾರಿಸ್ ನ್ಯಾಯಾಲಯದಲ್ಲಿ ತೀರ್ಪು ಮಿಕಿಮೊಟೊ ಪರವಾಯಿತು. ಮನುಷ್ಯ ಮಣಿ ಇಡುತ್ತಾನೆ, ಮುತ್ತನ್ನು ಸಿಂಪಿಯೇ ಮಾಡುತ್ತದೆ. ಹಲ್ಲಿಗೆ ಉಜ್ಜಿದರೆ ಸಹಜ ಮುತ್ತೂ ಕಲ್ಚರ್ಡ್ ಮುತ್ತೂ ತರಿತರಿ, ಪ್ಲಾಸ್ಟಿಕ್ ಮತ್ತು ಗಾಜು ನುಣುಪು. ಹಾಗಾಗಿ ಫಾರ್ವರ್ಡ್‌ನ ಹಲ್ಲಿನ ಪರೀಕ್ಷೆ ಗಾಜು-ಪ್ಲಾಸ್ಟಿಕ್ ಹಿಡಿಯಲಷ್ಟೇ ಉಪಯೋಗ. ಸಹಜವೋ ಕಲ್ಚರ್ಡೋ ಎಂದು ಹೇಳಲು ಎಕ್ಸ್-ರೇ ಬೇಕು.

ಗುಣಮಟ್ಟದಲ್ಲಿ ಮಿಕಿಮೊಟೊ ರಾಜಿಯಾಗಲಿಲ್ಲ. ಕಳಪೆ ಮುತ್ತು ಮಾರುಕಟ್ಟೆ ತುಂಬಿದಾಗ, 1932ರಲ್ಲಿ ಕೋಬೆ ನಗರದಲ್ಲಿ ಜನರೆದುರೇ ರಾಶಿ ಮುತ್ತನ್ನು ಬೆಂಕಿಗೆ ಸುರಿದರು. 1954ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ಹೊಂಡದಲ್ಲಿ ಆಗುತ್ತದೆಯೇ?

ಸಿಹಿನೀರಿನ ಕಪ್ಪೆಚಿಪ್ಪಿನಲ್ಲೂ ಮುತ್ತು ಬೆಳೆಯಬಹುದು. ಒಡಿಶಾದ ಭುವನೇಶ್ವರದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದರ ತರಬೇತಿ ಕೊಡುತ್ತದೆ. ಆದರೆ ಗಣಪತಿ ಮುಂತಾದ ಅಚ್ಚಿನ ಮುತ್ತು 1893ರ ಅರ್ಧ ಮುತ್ತಿನ ಬಗೆಯದೇ. ದುಂಡು ಮುತ್ತಿನ ಬೆಲೆಯನ್ನು ಅದಕ್ಕೆ ಹಾಕಿ ಲಾಭ ಎಣಿಸಬಾರದು. ಚೀನಾದ ಸಿಹಿನೀರಿನ ಮುತ್ತು ಅಗ್ಗವಾಗಿ ಸಿಗುತ್ತಿರುವಾಗ ಪೈಪೋಟಿಯೂ ಇದೆ.

ನಮ್ಮ ಮಲೆನಾಡಿಗೆ ಇನ್ನೆರಡು ಮಾತು. ಮಳೆ ಹೆಚ್ಚಿರುವಲ್ಲಿ ಮಣ್ಣು ಹುಳಿ. ಕಾಫಿ ತೋಟಕ್ಕೆ ಸುಣ್ಣ ಹಾಕುವುದು ಅದಕ್ಕೇ. ಕಪ್ಪೆಚಿಪ್ಪಿಗೂ ಸುಣ್ಣದ ಅಂಶ ಬೇಕು, ಹುಳಿ ನೀರಲ್ಲಿ ಚಿಪ್ಪು ಸವೆಯುತ್ತದೆ. ಜೊತೆಗೆ ಕಾಫಿ, ಮೆಣಸಿಗೆ ಹೊಡೆಯುವ ಬೋರ್ಡೋದಲ್ಲಿ ಮೈಲುತುತ್ತ ಇದೆ. ಅದರ ತಾಮ್ರ ಚಿಪ್ಪುಜೀವಿಗಳಿಗೆ ವಿಷ. ತೋಟದ ನೀರು ಹರಿದು ಬರುವ ಕೆರೆಯಾದರೆ ಮೊದಲು ನೀರು ಪರೀಕ್ಷೆ ಮಾಡಿಸಿ.

ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದ ಮಿಕಿಮೊಟೊಗೆ ಮೊದಲ ಅರ್ಧ ಮುತ್ತಿಗೇ ಐದು ವರ್ಷ ಬೇಕಾಯಿತು. ಅದೂ ಹೆಚ್ಚಿನ ಸಿಂಪಿ ಕಳೆದುಕೊಂಡ ಮೇಲೆ. ವರ್ಷದೊಳಗೆ ಲಕ್ಷ ಎನ್ನುವ ಸಂದೇಶ ಬಂದರೆ, ಸತ್ತ ಚಿಪ್ಪುಗಳ ಲೆಕ್ಕ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಹಣ ಕಟ್ಟಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.