ಲೂ ಗ್ರೋಜಾ: ‘ಕಾಲ್ಬೆರಳು’ ಎಂದೇ ಹೆಸರಾದ ಆಟಗಾರನ ಬಲ ನಿಜಕ್ಕೂ ಬೆರಳಿನಲ್ಲಿತ್ತೇ?

ರಸ್ತೆಯಲ್ಲಿ ಬಿದ್ದ ಕಲ್ಲನ್ನು ಬರಿಗಾಲಲ್ಲಿ ಒದ್ದವರಿಗೆ ಗೊತ್ತು, ಹೆಬ್ಬೆರಳು ಅಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಆದರೂ ಅಮೆರಿಕದ ಲೂ ಗ್ರೋಜಾ ಅವರಿಗೆ ‘ದಿ ಟೋ’, ಅಂದರೆ ಕಾಲ್ಬೆರಳು ಎಂದೇ ಅಡ್ಡಹೆಸರು. ಅವರ ಬೆರಳಿಗೆ ಏನೋ ವಿಶೇಷ ಶಕ್ತಿ ಇತ್ತು ಅನ್ನಿಸುವುದು ಸಹಜ. ನಿಜ ಏನು ನೋಡೋಣ.

ಮೊದಲು ಆಟದ ಬಗ್ಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಅದರ ನಂತರ ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸಿದರೆ ಇನ್ನೊಂದು ಅಂಕ. ಗೆರೆ ದಾಟಲು ಆಗದಿದ್ದಾಗ ದೂರದಿಂದಲೇ ಒದ್ದು 10 ಅಡಿ ಎತ್ತರದ ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ 3 ಅಂಕ, ಅದು ಫೀಲ್ಡ್ ಗೋಲ್. ಈ ಒದೆಯುವ ಕೆಲಸದವನೇ ಕಿಕ್ಕರ್.

ಗ್ರೋಜಾ ಹುಟ್ಟಿದ್ದು 1924ರಲ್ಲಿ, ಓಹಿಯೋ ರಾಜ್ಯದ ಮಾರ್ಟಿನ್ಸ್ ಫೆರಿಯಲ್ಲಿ. ತಂದೆ ಅಲ್ಲೇ ಒಂದು ಬಾರ್ ನಡೆಸುತ್ತಿದ್ದರು. ಕಾಲೇಜು ಸೇರಿ ಹೆಚ್ಚು ದಿನ ಆಗುವ ಮೊದಲೇ ಎರಡನೇ ಮಹಾಯುದ್ಧ ಕರೆಯಿತು. ಓಕಿನಾವಾದಲ್ಲಿ ಅವರದು ಶಸ್ತ್ರಚಿಕಿತ್ಸಾ ಸಹಾಯಕನ ಕೆಲಸ. ಕೈಕಾಲು ಕಳೆದುಕೊಂಡ ಸೈನಿಕರ ನಡುವೆ ಆ ಹುಡುಗ ದಿನ ಕಳೆದ. ಕೋಚ್ ಪಾಲ್ ಬ್ರೌನ್ ಅಲ್ಲಿಗೇ ಚೆಂಡುಗಳನ್ನು ಕಳಿಸಿಕೊಟ್ಟರು, ಅಭ್ಯಾಸ ನಿಲ್ಲಬಾರದು ಅಂತ. 1946ರಲ್ಲಿ ಗ್ರೋಜಾ ಅವರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಸೇರಿದರು.

ಈಗ ಬೆರಳಿನ ವಿಷಯ. ಆ ಕಾಲದ ಕಿಕ್ಕರ್‌ಗಳು ನೇರವಾಗಿ ಓಡಿ ಬಂದು ಪಾದದ ತುದಿಯಿಂದ ಒದೆಯುತ್ತಿದ್ದರು. ಅವರ ಶೂಗಳ ಮುಂಭಾಗ ಚೌಕಾಕಾರ, ಗಟ್ಟಿ. ಹಿಮ್ಮಡಿಗಂಟನ್ನು ಬಿಗಿ ಹಿಡಿಯುವುದರಿಂದ ಪಾದವಿಡೀ ಒಂದು ಸುತ್ತಿಗೆಯ ತಲೆಯಂತೆ ಬಡಿಯುತ್ತದೆ. ವೇಗ ಬರುವುದು ತೊಡೆ, ಸೊಂಟ, ಮೊಣಕಾಲಿನ ಬೀಸಿನಿಂದ. ಬೆರಳು ಶೂ ಒಳಗೆ ಸುಮ್ಮನೆ ಕೂತಿರುತ್ತದೆ, ಅಷ್ಟೇ. ಕಷ್ಟ ಇರುವುದು ಗುರಿಯಲ್ಲಿ. ತಾಗುವ ಜಾಗ ಸಣ್ಣದು, ಚೂರು ಆಚೀಚೆಯಾದರೂ ಚೆಂಡು ದಿಕ್ಕು ತಪ್ಪುತ್ತದೆ. ಗ್ರೋಜಾ ಅದಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು: ನೆಲದ ಮೇಲೆ ಉದ್ದನೆಯ ಟೇಪ್ ಹಾಸಿ ಅದರ ಗುಂಟ ಒದೆಯುವುದು! ಲೀಗ್ ಕೊನೆಗೆ ಇಂಥ ಸಾಧನಗಳನ್ನೇ ನಿಷೇಧಿಸಿತು. ನಿಷೇಧಕ್ಕೆ ಮುಂಚಿನ ಲೆಕ್ಕ ನೋಡಿ. 1953ರಲ್ಲಿ 26 ಪ್ರಯತ್ನಗಳಲ್ಲಿ 23 ಯಶಸ್ಸು. ಅರ್ಧದಷ್ಟು ಸಿಕ್ಕರೇ ದೊಡ್ಡದು ಎನ್ನುತ್ತಿದ್ದ ಕಾಲ ಅದು.

ಕಿಕ್ಕರ್ ಅಂದರೆ ಬಟ್ಟೆ ಕೊಳೆಯಾಗದ, ಅರ್ಧ ಆಟಗಾರ ಎಂಬ ಮಾತು ಇವತ್ತಿಗೂ ಇದೆ. ಗ್ರೋಜಾ ವಿಷಯದಲ್ಲಂತೂ ಅದು ಸುಳ್ಳು. ಸುಮಾರು 110 ಕೆಜಿಯ ಅವರು ಟ್ಯಾಕಲ್ ಸ್ಥಾನದಲ್ಲಿ ಆಟವಿಡೀ ಎದುರಾಳಿಗಳಿಗೆ ಮೈಯೊಡ್ಡಿ ನಿಂತು, ನಡುವೆ ಕರೆದಾಗ ಒದೆಯುತ್ತಿದ್ದರು.

ಬ್ರೌನ್ಸ್ ತಂಡ 1946ರಿಂದ ಸತತ ನಾಲ್ಕು ವರ್ಷ ಪ್ರಶಸ್ತಿ ಗೆದ್ದಿತ್ತು, ಆದರೆ ಬೇರೆ ಲೀಗಿನಲ್ಲಿ. ಅದು ಸಣ್ಣ ಲೀಗು ಎಂಬ ಹಂಗಣೆ ಬೇರೆ. ಎನ್‌ಎಫ್‌ಎಲ್ ಸೇರಿದ ಮೊದಲ ವರ್ಷವೇ, 1950ರ ಡಿಸೆಂಬರ್ 24ರಂದು, ಫೈನಲ್ ಬಂತು. ಎದುರಿಗೆ ಲಾಸ್ ಏಂಜಲೀಸ್ ರಾಮ್ಸ್. ಮೈ ಕೊರೆಯುವ ಚಳಿ. ಆಟದ ಮೊದಲರ್ಧದಲ್ಲಿ ಚೆಂಡು ಹಿಂದಕ್ಕೆ ಸರಿಯಾಗಿ ಬರದೆ ಟಚ್‌ಡೌನ್ ನಂತರದ ಒಂದು ಅಂಕ ಕೈತಪ್ಪಿತು. ಗ್ರೋಜಾ ಅವರ ಕಾಲು ಚೆಂಡಿಗೆ ತಾಗಲೇ ಇಲ್ಲ. ಕಿಕ್ಕರ್ ಎಷ್ಟೇ ನಿಪುಣನಾದರೂ ಚೆಂಡು ಹಿಂದೆ ಎಸೆಯುವವನು, ನೆಲಕ್ಕಿಟ್ಟು ಹಿಡಿಯುವವನು ಇಬ್ಬರೂ ಎಡವಬಾರದು. ಕೊನೆಯಲ್ಲಿ ಬ್ರೌನ್ಸ್ ಹಿಂದಿದ್ದದ್ದು ಸರಿಯಾಗಿ ಅದೇ ಒಂದು ಅಂಕದಿಂದ, 27-28. ಉಳಿದಿದ್ದು 28 ಸೆಕೆಂಡು. 16 ಗಜ ದೂರದಿಂದ ಗ್ರೋಜಾ ಒದ್ದರು, 30-28. ದೂರ ಹೆಚ್ಚೇನಲ್ಲ, ಸುಮಾರು 15 ಮೀಟರ್. ಆದರೆ ಆ ಸಂಜೆ ಅದನ್ನು ಸುಲಭ ಎನ್ನುವ ಧೈರ್ಯ ಯಾರಿಗಿತ್ತು!

ಬೆನ್ನುನೋವಿನಿಂದ 1960ರಲ್ಲಿ ಆಟ ಬಿಟ್ಟರು. ಮರುವರ್ಷ ಮರಳಿದಾಗ ಟ್ಯಾಕಲ್ ಕೆಲಸ ಇಲ್ಲ, ಒದೆಯುವುದು ಮಾತ್ರ. ಹೀಗೆ ನಿಜವಾದ ಅರ್ಥದಲ್ಲಿ ಸ್ಪೆಷಲಿಸ್ಟ್ ಆದದ್ದು 37ರ ವಯಸ್ಸಿನಲ್ಲಿ. 1964ರ ಫೈನಲ್‌ನಲ್ಲಿ ಅರ್ಧ ಆಟ ಮುಗಿದರೂ ಎರಡೂ ಕಡೆ ಸೊನ್ನೆ. ಮೊದಲ ಅಂಕ ತಂದದ್ದು 40 ವರ್ಷದ ಗ್ರೋಜಾ, 43 ಗಜದಿಂದ. ಬಾಲ್ಟಿಮೋರ್ ಕೋಲ್ಟ್ಸ್ ವಿರುದ್ಧ 27-0 ಗೆಲುವು.

ಅದೇ 1964ರಲ್ಲಿ, ಹಂಗೇರಿಯಲ್ಲಿ ಹುಟ್ಟಿದ ಪೀಟ್ ಗೊಗೊಲಾಕ್ ಎಂಬ ಯುವಕ ಬಫಲೋ ಬಿಲ್ಸ್ ತಂಡಕ್ಕೆ ಬಂದು, ನಮ್ಮ ಹುಡುಗರು ಸಾಕರ್‌ನಲ್ಲಿ ಒದೆಯುವ ಹಾಗೆ ಓರೆಯಾಗಿ ಬಂದು ಪಾದದ ಮೇಲ್ಭಾಗದಿಂದ ಒದೆಯತೊಡಗಿದ್ದ. ಸೊಂಟ ತಿರುಗುವುದರಿಂದ ಬೀಸು ದೊಡ್ಡದು, ತಾಗುವ ಜಾಗ ಅಗಲ. ಲೆಕ್ಕ ಅವನ ಕಡೆಗಿತ್ತು. ಗ್ರೋಜಾ 1967ರ ಋತುವಿನವರೆಗೂ ನೇರವಾಗಿಯೇ ಒದ್ದು, 21 ಋತುಗಳ ನಂತರ ನಿಲ್ಲಿಸಿದರು. ನೇರ ಒದೆತದ ಕೊನೆಯ ದೊಡ್ಡ ಕಿಕ್ಕರ್ ಮಾರ್ಕ್ ಮೋಸ್ಲಿ 1986ರಲ್ಲಿ ಆಟ ಮುಗಿಸಿದರು.

1974ರಲ್ಲಿ ಗ್ರೋಜಾ ಹಾಲ್ ಆಫ್ ಫೇಮ್ ಸೇರಿದರು. 1992ರಿಂದ ಕಾಲೇಜು ಮಟ್ಟದ ಅತ್ಯುತ್ತಮ ಕಿಕ್ಕರ್‌ಗೆ ಕೊಡುವ ಪ್ರಶಸ್ತಿಗೆ ಅವರದೇ ಹೆಸರು. ಅದನ್ನು ಪಡೆಯುವ ಹುಡುಗರು ಯಾರೂ ಬೆರಳ ತುದಿಯಿಂದ ಒದೆಯುವುದಿಲ್ಲ. 2000ದ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು 76. ಅವರ ಜರ್ಸಿಯ ಮೇಲಿದ್ದ ಸಂಖ್ಯೆಯೂ 76. ಇದು ಬರೀ ಕಾಕತಾಳೀಯ, ಫಾರ್ವರ್ಡ್ ಮಾಡುವಾಗ ಬೇರೆ ಏನನ್ನೂ ಸೇರಿಸಬೇಡಿ.