ಅಕ್ಷರಶಿಲ್ಪಿ ಪಾಲ್ ರೆನ್ನರ್

ಅಕ್ಷರಗಳನ್ನು ಓದುವವರು ಕೋಟ್ಯಂತರ ಮಂದಿ. ಅವುಗಳಿಗೆ ರೂಪ ಕೊಟ್ಟವನ ಹೆಸರನ್ನು ವಿಚಾರಿಸುವವರು ತೀರ ವಿರಳ. ಕೊನೆಗಳಲ್ಲಿ ಕುಚ್ಚು ಕೊಂಡಿಗಳಿಲ್ಲದೆ, ವೃತ್ತ, ಚೌಕ, ತ್ರಿಕೋಣಗಳಿಂದಲೇ ಆದಂತೆ ತೋರುವ ದಪ್ಪನೆಯ ಇಂಗ್ಲಿಷ್ ಅಕ್ಷರಗಳು ಸೂಲಿಬೆಲೆಯಂಥ ಊರಿನ ಅಂಗಡಿಬೀದಿಗೂ ಅಪರಿಚಿತವಲ್ಲ. ಆ ಕುಲದಲ್ಲಿ ಅತ್ಯಂತ ಪ್ರಸಿದ್ಧವಾದುದು ‘ಫ್ಯೂಚುರಾ’. ಅದರ ಕರ್ತೃವೇ ಜರ್ಮನಿಯ ಪಾಲ್ ರೆನ್ನರ್.

ರೆನ್ನರ್ 1878ನೆಯ ಇಸವಿ ಆಗಸ್ಟ್ 9ರಂದು ವೆರ್ನಿಗೆರೋಡ್ ಪಟ್ಟಣದಲ್ಲಿ ಜನಿಸಿದನು. ಚಿತ್ರಕಲೆಯನ್ನು ಅಭ್ಯಾಸಮಾಡಿ, ಮ್ಯೂನಿಕ್ ನಗರದ ಪ್ರಕಾಶಕರೊಬ್ಬರಲ್ಲಿ ಗ್ರಂಥಗಳ ಅಂದಚಂದವನ್ನು ನೋಡಿಕೊಳ್ಳುತ್ತಿದ್ದನು. 1924ರಲ್ಲಿ ಯಾಕೋಬ್ ಹೆಗ್ನರ್ ಎಂಬ ಪ್ರಕಾಶಕನು ಕಾಲಕ್ಕೊಪ್ಪುವ ಹೊಸ ಅಕ್ಷರವೊಂದು ಬೇಕೆಂದು ಅವನನ್ನು ಪ್ರೇರೇಪಿಸಿದನು. 1927ರಲ್ಲಿ ಫ್ರಾಂಕ್‌ಫರ್ಟಿನ ಬಾಯರ್ ಅಚ್ಚುಮೊಳೆ ಕಾರ್ಖಾನೆಯಿಂದ ಫ್ಯೂಚುರಾ ಹೊರಬಿದ್ದಿತು.

ಕೈವಾರ ಹಿಡಿದು ಗೆರೆಯೆಳೆದರೆ ಇಂಥ ಅಕ್ಷರ ಸಿದ್ಧವಾಯಿತೆಂದು ಯಾರೂ ಭಾವಿಸಬಾರದು. ಒಂದೇ ದಪ್ಪದ ಎರಡು ಗೆರೆಗಳು ಕೂಡುವೆಡೆ ಮಸಿ ಮೆತ್ತಿದಂತೆ ಕಾಣುತ್ತದೆ. ಆದಕಾರಣ ಬಾಗುಗೆರೆಯು ನಿಲುಗೆರೆಯನ್ನು ಸೇರುವಲ್ಲಿ ರೆನ್ನರ್ ಅದನ್ನು ಕೊಂಚ ಸಣ್ಣಗಾಗಿಸಿದನು. ದೊಡ್ಡಕ್ಷರಗಳ ಪ್ರಮಾಣವನ್ನು ಪ್ರಾಚೀನ ರೋಮನ್ ಶಿಲಾಶಾಸನಗಳಿಂದ ತೆಗೆದುಕೊಂಡನು. ಮೊದಲ ಕರಡುಗಳಲ್ಲಿದ್ದ ಕೆಲವು ವಿಚಿತ್ರಾಕಾರಗಳನ್ನು ತರುವಾಯ ಬಿಡಲಾಯಿತು. ಬಿಟ್ಟದ್ದೇ ಒಳ್ಳೆಯದಾಯಿತೆಂದು ನನ್ನ ಎಣಿಕೆ. ದುಂಡಕ್ಷರದಲ್ಲೇ ಬೆಳೆದ ಕನ್ನಡಿಗರಿಗೆ ವೃತ್ತದ ಚೆಲುವು ಹೊಸದಲ್ಲ, ಆದರೆ ನಮ್ಮ ದುಂಡುತನ ಬಂದುದು ಕೈಬರಹದಿಂದ, ಕೈವಾರದಿಂದಲ್ಲ. ತಲೆಬರಹಗಳಿಗೂ ಭಿತ್ತಿಪತ್ರಗಳಿಗೂ ಒಪ್ಪುವ ದಪ್ಪಕ್ಷರಗಳಾದ ‘ಫ್ಯೂಚುರಾ ಬ್ಲಾಕ್’ 1929ರಲ್ಲಿಯೂ ‘ಫ್ಯೂಚುರಾ ಡಿಸ್‌ಪ್ಲೇ’ 1932ರಲ್ಲಿಯೂ ಬಂದವು. ಗೆರೆ ದಪ್ಪವಾದಷ್ಟೂ ಅಕ್ಷರದ ಒಡಲಿನ ಬಿಳುಪು ಕುಗ್ಗುತ್ತದೆ. ಅದನ್ನು ಉಳಿಸಿಕೊಳ್ಳುವುದೇ ಕುಶಲತೆ.

ಅಷ್ಟರಲ್ಲಿ ರೆನ್ನರ್ ಮ್ಯೂನಿಕ್ಕಿನ ಮುದ್ರಣಕಲಾ ಶಾಲೆಯ ಮುಖ್ಯಸ್ಥನಾಗಿದ್ದನು. ಹೊಸ ಕಲೆಯನ್ನೆಲ್ಲ ಬೋಲ್ಷೆವಿಕರ ಕೆಲಸವೆಂದು ನಾಜಿಗಳು ಹಳಿಯುತ್ತಿದ್ದ ಕಾಲವದು. 1932ರಲ್ಲಿ ಅವನು ಆ ಆಪಾದನೆಯನ್ನು ಖಂಡಿಸಿ ಪುಸ್ತಿಕೆಯೊಂದನ್ನು ಬರೆದನು. ಅದು ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾಯಿತು. ಅಧ್ಯಾಪಕನಾದವನಿಗೆ ಸುಮ್ಮನಿರುವುದೇ ಸುಲಭವಾಗಿತ್ತು. ಮರುವರ್ಷ ಹಿಟ್ಲರನ ಕೈಗೆ ಅಧಿಕಾರ ಬಂದೊಡನೆ, ರೆನ್ನರನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಯಾನ್ ಚಿಹೋಲ್ಡನನ್ನು ಸೆರೆಹಿಡಿದರು. ಬಿಡುಗಡೆಯಾದ ಮೇಲೆ ಅವನು ಸ್ವಿಟ್ಜರ್ಲೆಂಡಿಗೆ ಹೊರಟುಹೋದನು. ರೆನ್ನರನೂ ಕೆಲಕಾಲ ಬಂಧನದಲ್ಲಿದ್ದು ಹುದ್ದೆಯನ್ನು ಕಳೆದುಕೊಂಡನು. ಆಗ ಅವನಿಗೆ ಐವತ್ತನಾಲ್ಕು ವರ್ಷ.

ವಿಧಿಯ ವಿನೋದವನ್ನು ನೋಡಿರಿ. ಜರ್ಮನರ ಹೆಮ್ಮೆಯೆಂದು ಹೊಗಳಿಸಿಕೊಂಡಿದ್ದ ಹಳೆಯ ಮುರಿಗೆಯ ಅಕ್ಷರಗಳನ್ನು ನಾಜಿ ಸರ್ಕಾರವೇ 1941ರ ಜನವರಿಯಲ್ಲಿ ಯೆಹೂದಿ ಮೂಲದ್ದೆಂದು ಹೇಳಿ ಕೈಬಿಟ್ಟಿತು! ಹಾಗೆಂದು ರೆನ್ನರನಿಗೆ ಅವನ ಶಾಲೆ ಮರಳಿ ದೊರೆಯಲಿಲ್ಲ.

ಅವನು ಚಿತ್ರ ಬರೆಯುತ್ತ, ಮುದ್ರಣಕಲೆಯನ್ನು ಕುರಿತು ಗ್ರಂಥ ರಚಿಸುತ್ತ ಉಳಿದ ಕಾಲವನ್ನು ಕಳೆದು, 1956ರ ಏಪ್ರಿಲ್ 25ರಂದು ಹೋಡಿಂಗೆನ್ ಗ್ರಾಮದಲ್ಲಿ ತೀರಿಕೊಂಡನು. 1969ರ ಜುಲೈ ತಿಂಗಳಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ಬಿಟ್ಟುಬಂದ ಲೋಹದ ಫಲಕದ ಬರಹ ಫ್ಯೂಚುರಾದಲ್ಲಿದೆ.